ಅಮೆರಿಕದ ‘ತರಬೇತಿ ವೀಸಾ’ಕ್ಕೆ ಆರೂವರೆ ಲಕ್ಷ ಕೇಳುತ್ತಿದ್ದಾರೆ: ಇಂಥ ವೀಸಾ ನಿಜವಾಗಿಯೂ ಇದೆಯೇ?

ಹುಮನಾಬಾದಿನ ಹಿರಿಯಣ್ಣ

ಎಲ್ಲರಿಗೂ ಶರಣು. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್, ಎಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವವನಾಗಿದ್ದಾನೆ. ಕಲಬುರಗಿಯ ಒಂದು ಕನ್ಸಲ್ಟೆನ್ಸಿಯವರು (ಹೆಸರು ಇಲ್ಲಿ ಬೇಡ) ಅವನಿಗೆ ಅಮೆರಿಕದ ಎಚ್-3 ಎಂಬ ತರಬೇತಿ ವೀಸಾ ಕೊಡಿಸುವುದಾಗಿ ಹೇಳಿದ್ದಾರೆ. ಎರಡು ವರ್ಷ ತರಬೇತಿ, ತಿಂಗಳು ತಿಂಗಳು ಸಂಬಳ, ಅವಧಿ ಮುಗಿದ ಮೇಲೆ ಅಲ್ಲೇ ವರ್ಕ್ ಪರ್ಮಿಟ್ ಎಂಬುದು ಅವರ ಮಾತು. ಇದಕ್ಕೆ ಒಟ್ಟು ಆರೂವರೆ ಲಕ್ಷ ರೂಪಾಯಿ ಆಗುತ್ತದಂತೆ. ಮುಂಗಡವಾಗಿ 50 ಸಾವಿರವನ್ನು ತಮ್ಮ ನನಗೆ ತಿಳಿಸದೆ ಕೊಟ್ಟಿದ್ದಾನೆ. ಪಾಸ್‌ಪೋರ್ಟಿನ ಮೂಲ ಪ್ರತಿಯೂ ಅವರ ಬಳಿಯೇ ಇದೆ. ಎರಡನೆಯ ಕಂತಿಗಾಗಿ ಹೊಲದ ಮೇಲೆ ಸಾಲ ತೆಗೆಯುವ ಮಾತು ಮನೆಯಲ್ಲಿ ನಡೆದಿದೆ. ಇಂಥ ವೀಸಾ ಇದೆಯೇ, ಇದ್ದರೆ ನಮ್ಮಂಥವರಿಗೆ ಸಿಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಸೂಪರ್ ಮಾರ್ಕೆಟ್ ಕಟ್ಟೆ

ಸಂಬಳ ಕೊಡುವವರು ಯಾರಾದರೂ ಕಲಿಯುವವನಿಂದ ಆರೂವರೆ ಲಕ್ಷ ಕೇಳುತ್ತಾರೆಯೇ? ನನಗಂತೂ ಉತ್ತರ ಇಲ್ಲಿಗೇ ಮುಗಿಯಿತು.

ಬೀದರ್ ಮೂಲ, ಸದ್ಯ ಮಿಷಿಗನ್

ಕಟ್ಟೆಯವರು ಇಷ್ಟು ಬೇಗ ಮುಗಿಸುವುದು ಬೇಡ, ಏಕೆಂದರೆ ಎಚ್-3 ಎಂಬ ವೀಸಾ ಇರುವುದು ನಿಜ. ಇಲ್ಲದ ವೀಸಾದ ಹೆಸರು ಹೇಳಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ನಾನು ವಾಹನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದು, ಇಂಥ ಒಂದು ಅರ್ಜಿ ಸಿದ್ಧವಾಗುವುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲನೆಯದಾಗಿ, ಈ ಅರ್ಜಿಯನ್ನು ಹಾಕಬೇಕಾದವರು ತರಬೇತಿ ಕೊಡುವ ಅಮೆರಿಕದ ಸಂಸ್ಥೆಯವರು. ಅವರು ಐ-129 ಎಂಬ ನಮೂನೆಯನ್ನು ಯುಎಸ್‌ಸಿಐಎಸ್‌ಗೆ, ಎಂದರೆ ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸಿ, ಅದಕ್ಕೆ ಒಪ್ಪಿಗೆ ಸಿಕ್ಕ ಮೇಲಷ್ಟೇ ನಿಮ್ಮ ತಮ್ಮ ದೂತಾವಾಸದಲ್ಲಿ ಸಂದರ್ಶನಕ್ಕೆ ನಿಲ್ಲಬಹುದು. ಎರಡನೆಯದಾಗಿ, ಆ ಸಂಸ್ಥೆ ನಾಲ್ಕು ಸಂಗತಿಗಳನ್ನು ರುಜುವಾತುಪಡಿಸಬೇಕು: ಈ ತರಬೇತಿ ಅಭ್ಯರ್ಥಿಯ ಸ್ವದೇಶದಲ್ಲಿ ಸಿಗುವುದಿಲ್ಲ, ಅಮೆರಿಕದವರು ಸಾಮಾನ್ಯವಾಗಿ ಮಾಡುವ ಕೆಲಸದ ಜಾಗದಲ್ಲಿ ಅವನನ್ನು ಕೂರಿಸುವುದಿಲ್ಲ, ತರಬೇತಿಗೆ ಅನಿವಾರ್ಯವಾದಷ್ಟನ್ನು ಬಿಟ್ಟು ಅವನಿಂದ ಉತ್ಪಾದನೆಯ ಕೆಲಸ ಮಾಡಿಸುವುದಿಲ್ಲ, ಕಲಿತದ್ದು ಅಮೆರಿಕದ ಹೊರಗಿನ ಅವನ ವೃತ್ತಿಗೆ ಉಪಯೋಗವಾಗುತ್ತದೆ. ನಾನು ನೋಡಿದ ಕಡತದಲ್ಲಿ ವಾರವಾರದ ವೇಳಾಪಟ್ಟಿಯೇ ಇತ್ತು. ಯಾವ ವಾರ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ಯಂತ್ರದ ಮುಂದೆ, ಕಲಿಸುವವರು ಯಾರು, ಪರೀಕ್ಷಿಸುವವರು ಯಾರು, ಹಿಂತಿರುಗಿದ ಮೇಲೆ ಆ ಹುಡುಗ ಪುಣೆಯ ಘಟಕದಲ್ಲಿ ಯಾವ ಹುದ್ದೆಯಲ್ಲಿ ಇದನ್ನು ಬಳಸುತ್ತಾನೆ ಎಂಬುದೆಲ್ಲ ಬರೆದಿತ್ತು. ಇಷ್ಟಾದರೂ ವಕೀಲರು ಅದನ್ನು ಮತ್ತೆ ಮತ್ತೆ ತಿದ್ದಿಸಿದರು. ಗೊತ್ತಾದ ವೇಳಾಪಟ್ಟಿಯಿಲ್ಲದ, ಮೇಲುಮೇಲಿನ ಕಾರ್ಯಕ್ರಮವನ್ನು ತಿರಸ್ಕರಿಸಬೇಕೆಂದು ನಿಯಮದಲ್ಲೇ ಇದೆ. ಅಭ್ಯರ್ಥಿಗೆ ಆ ಕೆಲಸ ಈಗಾಗಲೇ ಚೆನ್ನಾಗಿ ಬರುತ್ತಿದ್ದರೂ ಅರ್ಜಿ ಬೀಳುತ್ತದೆ. ಸಿಎನ್‌ಸಿ ಆಪರೇಟರ್ ಆಗಿರುವವನಿಗೆ ಸಿಎನ್‌ಸಿ ಕಲಿಸುತ್ತೇವೆಂದರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ನಿಮ್ಮ ತಮ್ಮನಿಗೆ ಕೊಟ್ಟ ಪತ್ರದಲ್ಲಿ ಏನು ಬರೆದಿದೆ ಎಂದು ಇಲ್ಲಿ ಹಾಕುತ್ತೀರಾ?

ನಿವೃತ್ತ ಐಟಿಐ ಬೋಧಕ, ಬೀದರ್

ಮಿಷಿಗನ್ನಿನವರು ಹೇಳಿದ ‘ಸ್ವದೇಶದಲ್ಲಿ ಸಿಗದ ತರಬೇತಿ’ ಎಂಬ ಷರತ್ತೊಂದೇ ಸಾಕು, ಈ ಪ್ರಕರಣ ನಿಲ್ಲುವುದಿಲ್ಲ. ಸಿಎನ್‌ಸಿ ಲೇತ್, ಮಿಲ್ಲಿಂಗ್, ಟೂಲ್ ಅಂಡ್ ಡೈ ಇವನ್ನೆಲ್ಲ ಕಲಬುರಗಿಯ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದಲ್ಲೇ ಕಲಿಸುತ್ತಾರೆ. ನಮ್ಮ ಹುಡುಗರು ಅಲ್ಲಿಂದ ಹೊರಬಿದ್ದು ಪುಣೆ, ಹೊಸೂರುಗಳಲ್ಲಿ ಒಳ್ಳೆಯ ಸಂಬಳಕ್ಕೆ ಸೇರಿದ್ದಾರೆ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಸಿಗುವ ವಿದ್ಯೆ ಭಾರತದಲ್ಲೇ ಸಿಗುವುದಿಲ್ಲವೆಂದು ಯಾವ ಕಂಪನಿ ಬರೆದುಕೊಟ್ಟೀತು?

ಹುಮನಾಬಾದಿನ ಹಿರಿಯಣ್ಣ

ಪತ್ರ ನನ್ನ ಮುಂದೆಯೇ ಇದೆ. ಮೇಲೆ ‘ತರಬೇತಿ ಪ್ರಸ್ತಾವ’ ಎಂಬ ತಲೆಬರಹ ಇದೆ. ಅದರ ಕೆಳಗೆ ತರಬೇತಿ ಎಂಬ ಮಾತು ಎಲ್ಲಿಯೂ ಇಲ್ಲ. ಹುದ್ದೆ ಗೋದಾಮು ಸಹಾಯಕ, ಎಂಟು ಗಂಟೆಯ ಪಾಳಿ, ವಾರಕ್ಕೆ ಆರು ದಿನ, ಹೆಚ್ಚುವರಿ ಗಂಟೆಗೆ ಒಂದೂವರೆ ಪಟ್ಟು ಎಂದಿದೆ. ಕಂಪನಿಯ ವಿಳಾಸದಲ್ಲಿ ಊರಿನ ಹೆಸರಿದೆ, ರಾಜ್ಯದ ಹೆಸರಿಲ್ಲ. ದುಂಡನೆಯ ನೀಲಿ ಮೊಹರು ಒತ್ತಿದ್ದಾರೆ, ಸಹಿ ಮಾಡಿದವರ ಹೆಸರು ಬರೆದಿಲ್ಲ.

ಬೀದರ್ ಮೂಲ, ಸದ್ಯ ಮಿಷಿಗನ್

ಅಮೆರಿಕದ ಕಂಪನಿಗಳು ಪತ್ರದ ಮೇಲೆ ದುಂಡನೆಯ ಮೊಹರು ಒತ್ತುವುದನ್ನು ನಾನು ಇಲ್ಲಿಗೆ ಬಂದಾಗಿನಿಂದ ನೋಡಿಲ್ಲ. ಅದು ನಮ್ಮ ಕಡೆಯ ರೂಢಿ. ಅದಿರಲಿ. ಅವರನ್ನು ಒಂದೇ ಒಂದು ಮಾತು ಕೇಳಿರಿ: ಐ-129 ಸಲ್ಲಿಸಿದ್ದರೆ ಅದರ ರಸೀದಿ ಸಂಖ್ಯೆ ಯಾವುದು? ಮೂರು ಇಂಗ್ಲಿಷ್ ಅಕ್ಷರ, ಮುಂದೆ ಹತ್ತು ಅಂಕಿಗಳಿರುವ ಆ ಸಂಖ್ಯೆ ಐ-797 ಎಂಬ ಸೂಚನಾಪತ್ರದಲ್ಲಿ ಇರುತ್ತದೆ. ಯುಎಸ್‌ಸಿಐಎಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಅರ್ಜಿ ಎಲ್ಲಿಗೆ ಬಂದಿದೆಯೆಂದು ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು. ಸಂಖ್ಯೆ ಇಲ್ಲವೆಂದರೆ ಅರ್ಜಿಯೂ ಇಲ್ಲ.

ಸೇಡಂ ಸಿಮೆಂಟ್

ನಾನು ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕರ ಲೆಕ್ಕ ಬರೆಯುವವನು. ಅಪ್ರೆಂಟಿಸ್ ಎಂದು ಸೇರಿಸಿಕೊಂಡು ಪೂರ್ಣ ಪಾಳಿ ದುಡಿಸುವ ಆಟ ನಮಗೆ ಹೊಸದಲ್ಲ. ಅದೇ ಆಟವನ್ನು ದೇಶಗಳ ಮಟ್ಟದಲ್ಲಿ ಆಡಿದರೆ ಅದಕ್ಕೆ ತರಬೇತಿ ವೀಸಾ ಎನ್ನುತ್ತಾರೆ. ಅಮೆರಿಕವಿರಲಿ, ಜಪಾನ್ ಇರಲಿ, ಜರ್ಮನಿ ಇರಲಿ, ಅವರಿಗೆ ಬೇಕಾಗಿರುವುದು ಕಡಿಮೆ ಕೂಲಿಗೆ ಬರುವ, ಅವಧಿ ಮುಗಿದೊಡನೆ ತೊಲಗುವ ಕೈಗಳು. ಈ ಚರ್ಚೆಯನ್ನು ನಿಲ್ಲಿಸಿ ಹುಡುಗನಿಗೆ ಇಲ್ಲೇ ಒಂದು ಉದ್ಯೋಗ ಹುಡುಕುವುದು ಮೇಲು.

ಶಹಾಪುರ ಟು ನಗೋಯಾ

ಸೇಡಂ ಅಣ್ಣನವರೇ, ಮೂರೂ ದೇಶಗಳನ್ನು ಒಂದೇ ಗಂಟಿಗೆ ಕಟ್ಟಬೇಡಿರಿ. ನಾನು ಜಪಾನಿನ ತಾಂತ್ರಿಕ ಇಂಟರ್ನ್ ತರಬೇತಿ ಯೋಜನೆಯಲ್ಲಿ ನಗೋಯಾ ಬಳಿಯ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಇದ್ದು ಬಂದವನು. ಒಳ್ಳೆಯದನ್ನೂ ಹೇಳುತ್ತೇನೆ, ಕೆಟ್ಟದ್ದನ್ನೂ ಹೇಳುತ್ತೇನೆ.

ಆ ಯೋಜನೆ 1993ರಿಂದ ಇದೆ. ಭಾರತದೊಂದಿಗೆ ಅದರ ಒಪ್ಪಂದವಾದದ್ದು 2017ರ ಅಕ್ಟೋಬರ್‌ನಲ್ಲಿ. ನಮ್ಮ ಕಡೆಯ ಉಸ್ತುವಾರಿಯನ್ನು ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮಕ್ಕೆ ವಹಿಸಿದ್ದಾರೆ. ಹೆಚ್ಚೆಂದರೆ ಐದು ವರ್ಷ ಇರಬಹುದು. ಮೊದಲ ಕೆಲವು ವಾರ ಭಾಷೆ ಮತ್ತು ಸುರಕ್ಷತೆಯ ಪಾಠ ಮುಗಿದ ಮೇಲೆ ಜಪಾನಿನ ಕಾರ್ಮಿಕ ಕಾನೂನು, ಕನಿಷ್ಠ ವೇತನ ಎಲ್ಲವೂ ನಮಗೂ ಅನ್ವಯಿಸುತ್ತವೆ. ಅಲ್ಲಿ ಕನಿಷ್ಠ ವೇತನವನ್ನು ಪ್ರಾಂತ್ಯವಾರು ನಿಗದಿ ಮಾಡುತ್ತಾರೆ, 2024ರ ಪರಿಷ್ಕರಣೆಯಲ್ಲಿ ಅದರ ರಾಷ್ಟ್ರೀಯ ಸರಾಸರಿ ಗಂಟೆಗೆ 1,055 ಯೆನ್ ಆಯಿತು. ಈ ಲೆಕ್ಕ ಕೇಳಿದರೆ ಬಾಯಿ ತೆರೆಯುವಂತಿರುತ್ತದೆ. ಆದರೆ ಕೈಗೆ ಬರುವ ವೇತನ ಚೀಟಿಯೇ ಬೇರೆ: ಕೋಣೆಯ ಬಾಡಿಗೆ, ವಿದ್ಯುತ್ತು, ನೀರು, ಆರೋಗ್ಯ ವಿಮೆ, ಪಿಂಚಣಿ, ಉದ್ಯೋಗ ವಿಮೆ, ತೆರಿಗೆ ಎಂದು ಒಂದೊಂದೇ ಸಾಲಿನಲ್ಲಿ ಕಳೆದು ಉಳಿದದ್ದನ್ನು ಕೊಡುತ್ತಾರೆ. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಇದು ತಿಳಿಯದೆ ಬಿಟ್ಟುಬಂದವರನ್ನು ಬಲ್ಲೆ.

ಕೆಟ್ಟದ್ದೆಂದರೆ, ಕಂಪನಿ ಬದಲಿಸುವಂತಿಲ್ಲ. ಮೇಸ್ತ್ರಿ ಒಳ್ಳೆಯವನಾದರೆ ಸರಿ, ಕೆಟ್ಟವನಾದರೆ ಮೂರು ವರ್ಷ ಹಲ್ಲು ಕಚ್ಚಿಕೊಂಡು ಇರಬೇಕು. ಬೇರೆ ದೇಶಗಳಿಂದ ಸಾಲ ಮಾಡಿ ಬಂದ ಎಷ್ಟೋ ಹುಡುಗರು ಪ್ರತಿ ವರ್ಷ ಕಾರ್ಖಾನೆ ಬಿಟ್ಟು ಓಡಿಹೋಗುತ್ತಾರೆ. ಅಲ್ಲಿನ ಸರ್ಕಾರವೇ ಇದನ್ನು ಒಪ್ಪಿಕೊಂಡು 2024ರ ಜೂನ್‌ನಲ್ಲಿ ಹೊಸ ಕಾನೂನು ಮಾಡಿದೆ. 2027ರ ಏಪ್ರಿಲ್‌ನಿಂದ ಹಳೆಯ ಯೋಜನೆಯ ಜಾಗಕ್ಕೆ ಹೊಸದು ಬರುತ್ತದೆ. ಅದರಲ್ಲಿ ಒಂದರಿಂದ ಎರಡು ವರ್ಷದ ನಂತರ, ಭಾಷೆ ಮತ್ತು ಕೌಶಲದ ಪರೀಕ್ಷೆಯಲ್ಲಿ ಪಾಸಾದರೆ, ಅದೇ ಕ್ಷೇತ್ರದ ಬೇರೆ ಕಂಪನಿಗೆ ಹೋಗಲು ಅವಕಾಶ ಇರುತ್ತದೆ.

ಸೇಡಂ ಸಿಮೆಂಟ್

ಮೂವತ್ತು ವರ್ಷ ಕಂಪನಿ ಬದಲಿಸಲು ಬಿಡದೆ ದುಡಿಸಿಕೊಂಡು ಈಗ ಕಾನೂನು ತಿದ್ದಿದ್ದಾರೆಂದು ಸಂಭ್ರಮಪಡಬೇಕೇ? ನೀವು ಹೇಳಿದ್ದರಿಂದ ನನ್ನ ಮಾತೇ ಗಟ್ಟಿಯಾಯಿತು.

ಶಹಾಪುರ ಟು ನಗೋಯಾ

ಸಂಭ್ರಮ ಪಡಿರೆಂದು ನಾನು ಹೇಳಲಿಲ್ಲ. ನಾನು ಉಳಿಸಿ ತಂದ ಹಣದಲ್ಲಿ ತಂಗಿಯ ಮದುವೆ ಆಯಿತು, ವೆಲ್ಡಿಂಗಿನಲ್ಲಿ ಕೈ ಪಳಗಿತು, ಈಗ ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ ಮೇಲ್ವಿಚಾರಕನಾಗಿದ್ದೇನೆ. ಶೋಷಣೆ ಇದೆಯೆಂಬ ಕಾರಣಕ್ಕೆ ದಾರಿಯೇ ಇಲ್ಲವೆನ್ನುವುದು ಸರಿಯಲ್ಲ.

ಆಳಂದ ರಸ್ತೆ

ಇಲ್ಲಿ ಎಲ್ಲರೂ ನಿಯಮದ ಬಗ್ಗೆಯೇ ಮಾತನಾಡುತ್ತಿದ್ದೀರಿ. 2024ರ ಆರಂಭದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ನಂಬಿ ಹೋಗಿ ಯುದ್ಧಭೂಮಿಯಲ್ಲಿ ಸಿಲುಕಿದ್ದನ್ನು ಮರೆತಿರಾ? ಅವರು ಊರಿಗೆ ಮರಳುವಾಗ ಸೆಪ್ಟೆಂಬರ್ ಆಗಿತ್ತು. ಅವರಿಗೂ ಕಾಗದಪತ್ರಗಳನ್ನು ತೋರಿಸಿಯೇ ಕಳಿಸಿದ್ದರು. ಪತ್ರದಲ್ಲಿ ಬರೆದ ಕೆಲಸ ಒಂದು, ಅಲ್ಲಿ ಇಳಿದ ಮೇಲೆ ಮಾಡಿಸುವ ಕೆಲಸ ಇನ್ನೊಂದು ಎಂಬುದೇ ನನ್ನ ಭಯ. ಈ ಹುಡುಗನ ಪತ್ರದಲ್ಲಂತೂ ತಲೆಬರಹಕ್ಕೂ ಒಳಗಿನ ಬರಹಕ್ಕೂ ಈಗಾಗಲೇ ತಾಳೆಯಿಲ್ಲ.

ಬಸವಕಲ್ಯಾಣದ ಅಪ್ಪ

ಹೆದರಿಸಿದ್ದು ಸಾಕು. ನನ್ನ ಮಗಳು ಹೈದರಾಬಾದಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಮುಗಿಸಿ, ಒಂದು ವರ್ಷ ಇಲ್ಲಿ ಕೆಲಸ ಮಾಡಿ, ಬಳಿಕ ಅಮೆರಿಕದ ಜೆ-1 ವೀಸಾದಲ್ಲಿ ಟ್ರೈನಿ ಆಗಿ ಹೋಗಿ ಸುಖವಾಗಿ ಬಂದಳು. ಎಚ್-3ಕ್ಕಿಂತ ಈ ದಾರಿಯಲ್ಲಿ ಹೋಗುವವರೇ ಹೆಚ್ಚು. ಇದರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯತೆ ನೀಡಿದ ಪ್ರಾಯೋಜಕ ಸಂಸ್ಥೆಗಳು ಇರುತ್ತವೆ. ಅವರು ಡಿಎಸ್-2019 ಎಂಬ ಪ್ರಮಾಣಪತ್ರ ಕೊಡುತ್ತಾರೆ. ತರಬೇತಿಯ ಯೋಜನೆಯನ್ನು ಡಿಎಸ್-7002 ಎಂಬ ನಮೂನೆಯಲ್ಲಿ ಬರೆದು ಮಗಳು, ಹೋಟೆಲಿನವರು, ಪ್ರಾಯೋಜಕರು ಮೂವರೂ ಸಹಿ ಮಾಡಿದರು.

ಸಮಸ್ಯೆ ಬರಲಿಲ್ಲವೆಂದಲ್ಲ. ಆ ಯೋಜನೆಯಲ್ಲಿ ಸ್ವಾಗತ ಕಟ್ಟೆ, ಔತಣ ವಿಭಾಗ, ಕಾಯ್ದಿರಿಸುವಿಕೆ ಎಂದು ಸರದಿ ಬರೆದಿದ್ದರೂ ಹೋಟೆಲಿನವರು ಅವಳನ್ನು ಸ್ವಾಗತ ಕಟ್ಟೆಯಿಂದ ಅಲುಗಾಡಿಸಲೇ ಇಲ್ಲ. ಆರು ತಿಂಗಳು ಅಥವಾ ಹೆಚ್ಚಿನ ಅವಧಿಯ ಹೋಟೆಲ್ ತರಬೇತಿಯಲ್ಲಿ ಕನಿಷ್ಠ ಮೂರು ವಿಭಾಗಗಳ ಸರದಿ ಇರಲೇಬೇಕೆಂದು ನಿಯಮವಿದೆ. ಮಗಳು ಅದೇ ನಮೂನೆಯ ಪುಟದ ಚಿತ್ರ ತೆಗೆದು ಪ್ರಾಯೋಜಕರಿಗೆ ಮಿಂಚಂಚೆ ಕಳಿಸಿದಳು. ಅವರು ಹೋಟೆಲಿಗೆ ದೂರವಾಣಿ ಮಾಡಿದ ಮೇಲೆ ಅವಳ ವಿಭಾಗ ಬದಲಾಯಿತು. ಸಹಿ ಮಾಡಿದ ಕಾಗದದ ಪ್ರತಿ ಅವಳ ಕೈಯಲ್ಲಿ ಇದ್ದದ್ದರಿಂದ ಇದು ಸಾಧ್ಯವಾಯಿತು.

ತೊಗರಿ ಕಣಜ

ಅಪ್ಪಾಜಿ, ಹಾಗಾದರೆ ಈ ಡಿಪ್ಲೊಮಾ ಹುಡುಗನಿಗೂ ಜೆ-1 ಸಿಗಬಹುದೇ? ನನ್ನ ಮಗ ಕೃಷಿ ಡಿಪ್ಲೊಮಾ ಮಾಡಿದ್ದಾನೆ, ನಾನೂ ಆಸೆಗಣ್ಣಿನಿಂದ ಓದುತ್ತಿದ್ದೇನೆ.

ಬಸವಕಲ್ಯಾಣದ ಅಪ್ಪ

ಟ್ರೈನಿ ಆಗಲು ಅಮೆರಿಕದ ಹೊರಗೆ ಪಡೆದ ಪದವಿ ಅಥವಾ ವೃತ್ತಿಪರ ಪ್ರಮಾಣಪತ್ರದ ಜೊತೆಗೆ ಅದೇ ಕ್ಷೇತ್ರದಲ್ಲಿ ಒಂದು ವರ್ಷದ ಅನುಭವ ಬೇಕು, ಇಲ್ಲವಾದರೆ ಐದು ವರ್ಷದ ಅನುಭವ ಬೇಕು. ಓದುತ್ತಿರುವವರು ಮತ್ತು ಓದು ಮುಗಿಸಿ 12 ತಿಂಗಳು ಆಗದವರು ಇಂಟರ್ನ್ ಆಗಿ ಹೋಗಬಹುದು. ಟ್ರೈನಿಗೆ ಗರಿಷ್ಠ 18 ತಿಂಗಳು, ಹೋಟೆಲ್, ಕೃಷಿ ಕ್ಷೇತ್ರಗಳಲ್ಲಾದರೆ ಸಾಮಾನ್ಯವಾಗಿ 12 ತಿಂಗಳು, ಇಂಟರ್ನ್‌ಗೂ 12 ತಿಂಗಳು. ನಿಮ್ಮ ಮಗನ ಡಿಪ್ಲೊಮಾ ಎಷ್ಟು ವರ್ಷದ್ದು, ಅದನ್ನು ವೃತ್ತಿಪರ ಪ್ರಮಾಣಪತ್ರವೆಂದು ಒಪ್ಪುತ್ತಾರೆಯೇ ಎಂಬುದನ್ನು ತೀರ್ಮಾನಿಸುವವರು ಪ್ರಾಯೋಜಕರು. ಕೃಷಿಯೂ ಒಪ್ಪಿಗೆಯ ಕ್ಷೇತ್ರಗಳಲ್ಲಿ ಇದೆ. ಆದರೆ ಕಳೆ ಕೀಳುವುದು, ಹಣ್ಣು ಬಿಡಿಸುವುದು ಇಂಥ ಕೂಲಿ ಕೆಲಸವನ್ನೇ ತರಬೇತಿಯೆಂದು ತೋರಿಸುವಂತಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವುದನ್ನೂ ತೋರಿಸುವಂತಿಲ್ಲ, ಹಿರಿಯಣ್ಣನವರು ಇದನ್ನು ಗಮನಿಸಬೇಕು.

ಸೂಪರ್ ಮಾರ್ಕೆಟ್ ಕಟ್ಟೆ

ಅಮೆರಿಕ ವೀಸಾಕ್ಕೆ ಈಗ ಒಂದು ಲಕ್ಷ ಡಾಲರ್ ಶುಲ್ಕವಂತಲ್ಲ? ಆರೂವರೆ ಲಕ್ಷ ರೂಪಾಯಿಗೆ ಕೊಡಿಸುತ್ತೇವೆ ಎನ್ನುವವರು ಪುಣ್ಯವಂತರೇ ಇರಬೇಕು.

ಬೀದರ್ ಮೂಲ, ಸದ್ಯ ಮಿಷಿಗನ್

ಅದು 2025ರ ಸೆಪ್ಟೆಂಬರ್‌ನ ಅಧ್ಯಕ್ಷರ ಘೋಷಣೆ. ಹೊಸ ಎಚ್-1ಬಿ, ಎಂದರೆ ಪದವೀಧರರ ಉದ್ಯೋಗ ವೀಸಾದ ಅರ್ಜಿಗಳಿಗೆ ಸಂಬಂಧಿಸಿದ್ದು, ಎಚ್-3ಕ್ಕಾಗಲಿ ಜೆ-1ಕ್ಕಾಗಲಿ ಅದು ಅನ್ವಯಿಸುವುದಿಲ್ಲ. ದೂತಾವಾಸದಲ್ಲಿ ಅಭ್ಯರ್ಥಿ ಕಟ್ಟುವ ಅರ್ಜಿ ಶುಲ್ಕ ಎಚ್-3ಕ್ಕೆ 205 ಡಾಲರ್, ಜೆ-1ಕ್ಕೆ 185 ಡಾಲರ್. ಜೆ-1ಕ್ಕೆ ಇದರ ಜೊತೆಗೆ 220 ಡಾಲರ್ ಸೆವಿಸ್ ಶುಲ್ಕ (ಅಲ್ಲಿನ ಸರ್ಕಾರದ ನೋಂದಣಿ ವ್ಯವಸ್ಥೆಗೆ ಕಟ್ಟುವುದು) ಇದೆ, ಪ್ರಾಯೋಜಕರ ಶುಲ್ಕ ಬೇರೆ.

ಎಚ್-1ಬಿ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ‘ಅಲ್ಲೇ ವರ್ಕ್ ಪರ್ಮಿಟ್’ ಎಂಬ ಆಶ್ವಾಸನೆಯ ಹಿಂದೆ ಇರುವುದು ಅದೇ. ಎಚ್-3ರಲ್ಲಿ ಪೂರ್ತಿ 24 ತಿಂಗಳು ಕಳೆದವನು ಅಮೆರಿಕದ ಹೊರಗೆ ಆರು ತಿಂಗಳು ಇರದೆ ಎಚ್ ಅಥವಾ ಎಲ್ ವರ್ಗದ (ಉದ್ಯೋಗ, ತರಬೇತಿಗಳ) ವೀಸಾಕ್ಕೆ ಬದಲಾಗುವಂತಿಲ್ಲ. ಎಚ್-1ಬಿಗೆ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು, ವರ್ಷಕ್ಕೆ 85 ಸಾವಿರದ ಮಿತಿಯಿರುವುದರಿಂದ ಲಾಟರಿಯನ್ನೂ ದಾಟಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಎಚ್-3 ಸಂದರ್ಶನದಲ್ಲಿ ‘ತರಬೇತಿ ಮುಗಿಸಿ ಊರಿಗೆ ಮರಳುತ್ತೇನೆ’ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಕನ್ಸಲ್ಟೆನ್ಸಿಯವರು ಅಲ್ಲೇ ನೆಲೆಸುವ ಆಸೆ ತೋರಿಸಿ ಹಣ ಪಡೆಯುತ್ತಾರೆ, ಹುಡುಗನ ಬಾಯಲ್ಲಿ ಸಂದರ್ಶನದಲ್ಲಿ ಅದಕ್ಕೆ ತದ್ವಿರುದ್ಧವಾದುದನ್ನು ಹೇಳಿಸುತ್ತಾರೆ. ಸುಳ್ಳು ಕಾಗದದೊಂದಿಗೆ ಸಿಕ್ಕಿಬಿದ್ದರೆ ಮುಂದೆ ಯಾವ ವೀಸಾಕ್ಕೂ ಅವನು ಅನರ್ಹನಾಗಬಹುದು. ಆಗ ಕನ್ಸಲ್ಟೆನ್ಸಿಯವರಿಗೆ ಆಗುವ ನಷ್ಟ ಏನೂ ಇಲ್ಲ.

ಕಾನೂನು ಕಡತ, ಕಲಬುರಗಿ

ನಾನು ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. ಚರ್ಚೆ ಅಮೆರಿಕ, ಜಪಾನುಗಳಲ್ಲಿ ಸುತ್ತುತ್ತಿದೆ, ನಮ್ಮ ನೆಲದ ಕಾನೂನನ್ನು ಯಾರೂ ಎತ್ತಲಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಉದ್ಯೋಗಕ್ಕೆ ಜನರನ್ನು ನೇಮಿಸಿ ಕಳಿಸುವವರು ನೋಂದಾಯಿತ ಏಜೆಂಟರಾಗಿರಬೇಕು. ನೋಂದಾಯಿತರಾದರೂ ಅಭ್ಯರ್ಥಿಯಿಂದ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಬೇಕು. ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅನಧಿಕೃತರ ಪಟ್ಟಿಯೂ ಇದೆ.

ಇಂಥವರನ್ನು ಪ್ರಶ್ನಿಸಿದರೆ ‘ನಾವು ಉದ್ಯೋಗಕ್ಕೆ ಕಳಿಸುತ್ತಿಲ್ಲ, ತರಬೇತಿಗೆ ಕಳಿಸುತ್ತಿದ್ದೇವೆ, ನಾವು ಶಿಕ್ಷಣ ಸಲಹೆಗಾರರು’ ಎಂದು ಜಾರಿಕೊಳ್ಳುತ್ತಾರೆ. ಪತ್ರದಲ್ಲಿ ಹುದ್ದೆ, ಪಾಳಿ, ಓವರ್‌ಟೈಮ್ ದರ ಬರೆದ ಮೇಲೆ ಆ ವಾದ ನಿಲ್ಲಲಾರದು ಎಂಬುದು ನನ್ನ ಅಭಿಪ್ರಾಯ. ನಿಂತರೂ ವಂಚನೆಯ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ, ಹಿಂದಿನ 420 ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಹಿರಿಯಣ್ಣನವರು ನಾಳೆಯೇ ಮಾಡಬೇಕಾದ ಕೆಲಸ ಪಾಸ್‌ಪೋರ್ಟನ್ನು ಕೈಗೆ ತೆಗೆದುಕೊಳ್ಳುವುದು. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು ಎಂದು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಇದೆ, ಅದನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ಯಾವ ಕನ್ಸಲ್ಟೆನ್ಸಿಗೂ ಇಲ್ಲ. ಹಣದ ಜಗಳವನ್ನು ಮೊದಲು ತೆಗೆಯಬೇಡಿರಿ. ‘ಬ್ಯಾಂಕಿನಲ್ಲಿ ಕೆವೈಸಿಗೆ ಬೇಕು’ ಎಂದು ಹೇಳಿಯಾದರೂ ಪಾಸ್‌ಪೋರ್ಟ್ ಪಡೆಯಿರಿ, ಮಿಕ್ಕ ಮಾತು ಆಮೇಲೆ.

ಶುಶ್ರೂಷಕಿ, ಯಾದಗಿರಿ

ವಕೀಲ ಸರ್ ಸುಳ್ಳು ಹೇಳಿಸಿದರೂ ಒಳ್ಳೆಯ ಸುಳ್ಳನ್ನೇ ಹೇಳಿಸಿದ್ದೀರಿ.

ನನ್ನದೊಂದು ಪ್ರಶ್ನೆ ಇದೆ, ವಿಷಯ ಇದೇ ಆದ್ದರಿಂದ ಇಲ್ಲೇ ಕೇಳುತ್ತೇನೆ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ. ಜರ್ಮನಿಯಲ್ಲಿ ಮೂರು ವರ್ಷದ ನರ್ಸಿಂಗ್ ವೃತ್ತಿ ತರಬೇತಿಗೆ, ಅವರ ಮಾತಿನಲ್ಲಿ ಔಸ್‌ಬಿಲ್ಡುಂಗ್‌ಗೆ ಸೇರಿದರೆ ಸ್ಟೈಪೆಂಡ್ ಸಿಗುತ್ತದೆಂದು ಒಬ್ಬರು ಹೇಳಿ ಬಿ1 ಎಂಬ ಮಧ್ಯಮ ಹಂತದ ಜರ್ಮನ್ ತರಗತಿಗೆ ಸೇರಿಸಿಕೊಳ್ಳಲು ಮುಂದೆ ಬಂದಿದ್ದಾರೆ. ಸೇರಬಹುದೇ?

ಜೇವರ್ಗಿ ಅಕ್ಕ, ಸದ್ಯ ಸ್ಟುಟ್‌ಗಾರ್ಟ್

ತಂಗೀ, ಬೇಡವೇ ಬೇಡ. ಔಸ್‌ಬಿಲ್ಡುಂಗ್ ಒಳ್ಳೆಯ ವ್ಯವಸ್ಥೆ, ಸಂಶಯವಿಲ್ಲ. ಶಾಲೆಯಲ್ಲಿ ಪಾಠ, ಆಸ್ಪತ್ರೆಯಲ್ಲಿ ಅಭ್ಯಾಸ, ತಿಂಗಳಿಗೆ ಸ್ಟೈಪೆಂಡ್. ಸಾರ್ವಜನಿಕ ಆಸ್ಪತ್ರೆಗಳ ವೇತನ ಒಪ್ಪಂದದಲ್ಲಿ ನರ್ಸಿಂಗಿನ ಮೊದಲ ವರ್ಷಕ್ಕೇ ತೆರಿಗೆ, ವಿಮೆ ಕಳೆಯುವ ಮೊದಲು 1,300 ಯೂರೋಗಿಂತ ಮೇಲೆ ಇದೆ. ಬೇರೆ ಎಷ್ಟೋ ವೃತ್ತಿಗಳಲ್ಲಿ ಇದಕ್ಕಿಂತ ಕಡಿಮೆ. 2025ರಲ್ಲಿ ಸೇರಿದವರಿಗೆ ಕಾನೂನು ನಿಗದಿಪಡಿಸಿದ ಮೊದಲ ವರ್ಷದ ಕನಿಷ್ಠ ಸ್ಟೈಪೆಂಡ್ 682 ಯೂರೋ ಇತ್ತು. ಆದರೆ ಔಸ್‌ಬಿಲ್ಡುಂಗ್ ಇರುವುದು ಶುರುವಿನಿಂದ ಕಲಿಯುವವರಿಗೆ. ನೀನು ಆಗಲೇ ನರ್ಸ್. ನಿನ್ನ ಪದವಿಗೆ ಇಲ್ಲಿ ಮಾನ್ಯತೆ ಪಡೆಯುವ ಬೇರೆ ದಾರಿ ಇದೆ. ದಾಖಲೆಗಳನ್ನು ಪರಿಶೀಲಿಸಿ ಎಲ್ಲಿ ಕೊರತೆ ಇದೆಯೆಂದು ತಿಳಿಸುತ್ತಾರೆ, ಆ ಕೊರತೆ ತುಂಬಿಕೊಳ್ಳಲು ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ ಇರುತ್ತದೆ. ಅದಕ್ಕೆಂದೇ ನಿವಾಸ ಕಾಯ್ದೆಯ 16ಡಿ ಕಲಮಿನಡಿ ತಾತ್ಕಾಲಿಕ ವೀಸಾ ಕೊಡುತ್ತಾರೆ. ಔಸ್‌ಬಿಲ್ಡುಂಗ್‌ನದು 16ಎ. ನಾನು ಬಂದದ್ದು 16ಡಿ ದಾರಿಯಲ್ಲೇ. ಆ ಅವಧಿಯಲ್ಲಿ ಸಹಾಯಕಿಯ ಸಂಬಳ, ಮಾನ್ಯತೆ ಸಿಕ್ಕ ಮೇಲೆ ನರ್ಸಿನ ಸಂಬಳ.

ನಾಲ್ಕು ವರ್ಷ ಓದಿದವಳನ್ನು ಮತ್ತೆ ಮೂರು ವರ್ಷ ಮೊದಲ ಬೆಂಚಿನಲ್ಲಿ ಕೂರಿಸಿದರೆ ಲಾಭ ಯಾರಿಗೆ ಎಂದು ಅವರನ್ನೇ ಕೇಳು. ಭಾಷೆಯನ್ನು ಮಾತ್ರ ಬಿಡಬೇಡ. ಮಾನ್ಯತೆಗೆ ಬಿ1ರ ಮೇಲಿನ ಬಿ2 ಹಂತ ಬೇಕಾಗುತ್ತದೆ. ವಾರ್ಡಿನಲ್ಲಿ ವಯಸ್ಸಾದ ರೋಗಿ ತನ್ನ ಊರಿನ ಆಡುಮಾತಿನಲ್ಲಿ ನೋವು ಹೇಳಿಕೊಂಡಾಗ ಆ ಬಿ2 ಕೂಡ ಸಾಲುವುದಿಲ್ಲ.

ಸೇಡಂ ಸಿಮೆಂಟ್

ನೋಡಿದಿರಾ, ನರ್ಸನ್ನೂ ಸಹಾಯಕಿಯ ಸಂಬಳಕ್ಕೆ ದುಡಿಸಿಕೊಳ್ಳುತ್ತಾರೆ. ನಾನು ಹೇಳಿದ್ದು ಇದನ್ನೇ.

ಜೇವರ್ಗಿ ಅಕ್ಕ, ಸದ್ಯ ಸ್ಟುಟ್‌ಗಾರ್ಟ್

ಅಣ್ಣಾ, ಆ ಸಹಾಯಕಿಯ ಸಂಬಳದ ಕಾಲ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಮುಗಿಯುವ ದಿನಾಂಕ ನನ್ನ ಕೈಯಲ್ಲಿದ್ದ ಕಾಗದದಲ್ಲಿತ್ತು. ನಮ್ಮ ಊರ ಕಡೆ ಖಾಸಗಿ ಆಸ್ಪತ್ರೆಯಲ್ಲಿ ಅನುಭವ ಎಂಬ ಹೆಸರಿನಲ್ಲಿ ನನಗೆ ಕೊಡುತ್ತಿದ್ದ ಸಂಬಳಕ್ಕೆ ಅಂಥ ದಿನಾಂಕವೇ ಇರಲಿಲ್ಲ.

ನಿವೃತ್ತ ಐಟಿಐ ಬೋಧಕ, ಬೀದರ್

ಅಕ್ಕನವರು ಹೇಳಿದ ಮಾತಿನಲ್ಲಿ ಅರ್ಥವಿದೆ. ನನ್ನ ಹಳೆಯ ವಿದ್ಯಾರ್ಥಿಗಳು ವೀಸಾದ ಕಾಗದ ಹಿಡಿದು ಬಂದಾಗ ನಾನು ಕೇಳುತ್ತಿದ್ದದ್ದು ಎರಡೇ: ಇದರಲ್ಲಿ ನಿನಗೆ ಏನು ಕಲಿಸುತ್ತಾರೆಂದು ಬರೆದಿದೆಯೇ, ಕಲಿಸದಿದ್ದರೆ ದೂರು ಕೊಡಲು ಕಂಪನಿಯನ್ನು ಬಿಟ್ಟು ಮೂರನೆಯವರು ಯಾರಾದರೂ ಇದ್ದಾರೆಯೇ? ಜೆ-1ರಲ್ಲಿ ಪ್ರಾಯೋಜಕರಿದ್ದಾರೆ, ಜಪಾನಿನಲ್ಲಿ ಮೇಲ್ವಿಚಾರಣಾ ಸಂಸ್ಥೆಯಿದೆ, ಜರ್ಮನಿಯಲ್ಲಿ ಔಸ್‌ಬಿಲ್ಡುಂಗ್ ಒಪ್ಪಂದವನ್ನು ವೃತ್ತಿಗೆ ತಕ್ಕಂತೆ ವಾಣಿಜ್ಯ ಮಂಡಳಿಯಂಥ ಸಂಸ್ಥೆಯಲ್ಲಿ ನೋಂದಾಯಿಸುತ್ತಾರೆ. ಹುಮನಾಬಾದಿನ ಹುಡುಗನ ಕಾಗದದಲ್ಲಿ ಎರಡಕ್ಕೂ ಉತ್ತರವಿಲ್ಲ.

ಹುಮನಾಬಾದಿನ ಹಿರಿಯಣ್ಣ

ಹೊಸ ಸುದ್ದಿ ತಿಳಿಸುತ್ತೇನೆ. ಇಂದು ತಮ್ಮನೊಂದಿಗೆ ಕಲಬುರಗಿಗೆ ಹೋಗಿದ್ದೆ. ವಕೀಲರು ಹೇಳಿಕೊಟ್ಟಂತೆ ಮೊದಲು ಪಾಸ್‌ಪೋರ್ಟ್ ಕೇಳಿದೆವು. ಸ್ವಲ್ಪ ಗೊಣಗಿದರು, ಕೊಟ್ಟರು. ಅದು ಅಂಗಿಯ ಜೇಬಿಗೆ ಇಳಿದ ಮೇಲೆ ಐ-797ರ ರಸೀದಿ ಸಂಖ್ಯೆ ಕೇಳಿದೆ. ಅಲ್ಲಿದ್ದ ಹುಡುಗಿ ಒಳಗೆ ಹೋಗಿ ಬಂದು, ಅದು ಎರಡನೆಯ ಕಂತು ಕಟ್ಟಿದ ಮೇಲೆ ಬರುತ್ತದೆ ಎಂದಳು. ಕಂಪನಿ ಹಾಕಬೇಕಾದ ಅರ್ಜಿಗೂ ನಮ್ಮ ಕಂತಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ‘ನಿಮಗೆ ನಂಬಿಕೆ ಇಲ್ಲದಿದ್ದರೆ ಬಿಡಿ, ನಿಮ್ಮ ಜಾಗಕ್ಕೆ ಹತ್ತು ಮಂದಿ ಕಾಯುತ್ತಿದ್ದಾರೆ’ ಎಂದು ಮಾಲೀಕರೇ ಹೊರಗೆ ಬಂದು ಹೇಳಿದರು. 50 ಸಾವಿರದಲ್ಲಿ 20 ಸಾವಿರ ‘ಕಡತದ ಖರ್ಚು’ ಕಳೆದು ಉಳಿದದ್ದನ್ನು ಮುಂದಿನ ತಿಂಗಳು ಕೊಡುತ್ತಾರಂತೆ.

ಕಾನೂನು ಕಡತ, ಕಲಬುರಗಿ

‘ಮುಂದಿನ ತಿಂಗಳು’ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕೊಡದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ‘ಇಂದು ನಮ್ಮೆದುರು ನೀವು ಹೀಗೆ ಒಪ್ಪಿದ್ದೀರಿ’ ಎಂದು ನೀವೇ ಬರೆದು ಕಳಿಸಿರಿ. ಅವರು ಅಲ್ಲಗಳೆಯದಿದ್ದರೆ ಅದೂ ಒಂದು ಸಾಕ್ಷಿ. ಹಣ ಕೊಟ್ಟದ್ದು ಫೋನ್‌ಪೇಯಲ್ಲೋ ನಗದಿನಲ್ಲೋ?

ಹುಮನಾಬಾದಿನ ಹಿರಿಯಣ್ಣ

ಫೋನ್‌ಪೇಯಲ್ಲಿ, ಆದರೆ ಕನ್ಸಲ್ಟೆನ್ಸಿಯ ಖಾತೆಗೆ ಅಲ್ಲ, ಯಾವನೋ ಒಬ್ಬ ಹುಡುಗನ ಸಂಖ್ಯೆಗೆ.

ಕಾನೂನು ಕಡತ, ಕಲಬುರಗಿ

ಆ ವಹಿವಾಟಿನ ವಿವರ ಮತ್ತು ಆ ಪತ್ರದ ಮೂಲ ಪ್ರತಿ ಎರಡನ್ನೂ ಜೋಪಾನ ಮಾಡಿರಿ. ಬ್ಯಾಂಕಿನಿಂದ ಖಾತೆಯ ವಿವರಪಟ್ಟಿಗೆ ಮೊಹರು ಹಾಕಿಸಿಕೊಳ್ಳಿರಿ. ದೂರಿನ ಕರಡನ್ನು ನಾನು ನೋಡಿಕೊಡುತ್ತೇನೆ, ಶುಲ್ಕ ಬೇಡ. ಉಳಿದ ಹತ್ತು ಮಂದಿ ನಿಜವಾಗಿಯೂ ಕಾಯುತ್ತಿದ್ದರೆ ಅವರಲ್ಲಿ ಇಬ್ಬರು ಸಿಕ್ಕರೂ ದೂರಿಗೆ ಬಲ ಬರುತ್ತದೆ.

ತೊಗರಿ ಕಣಜ

ಆ ಹತ್ತರಲ್ಲಿ ನಮ್ಮ ಊರಿನ ಹುಡುಗನೊಬ್ಬ ಇರಬಹುದೆಂಬ ಅನುಮಾನ ನನಗಿದೆ. ಅವನ ಮನೆಯವರು ತೊಗರಿ ಮಾರಿದ ಹಣವನ್ನು ಯಾವುದೋ ‘ಅಮೆರಿಕ ತರಬೇತಿ’ಗೆ ಕಟ್ಟಿದ್ದಾರೆಂದು ಮೊನ್ನೆ ಸಂತೆಯಲ್ಲಿ ಕೇಳಿದೆ. ನಾಳೆ ವಿಚಾರಿಸಿ ವಕೀಲರಿಗೆ ತಿಳಿಸುತ್ತೇನೆ.

ಹುಮನಾಬಾದಿನ ಹಿರಿಯಣ್ಣ

ಉಪಕಾರವಾಯಿತು ಕಾಕಾ. ತಮ್ಮ ಮಾತ್ರ ಹೊರದೇಶದ ಹಟ ಬಿಟ್ಟಿಲ್ಲ. ದಾರಿಯುದ್ದಕ್ಕೂ ಜಪಾನಿನ ಮಾತನ್ನೇ ಆಡುತ್ತಿದ್ದ. ಶಹಾಪುರದವರು ಒಂದಿಷ್ಟು ದಾರಿ ತೋರಿಸಬೇಕು.

ಶಹಾಪುರ ಟು ನಗೋಯಾ

ಅವನಿಗೆ ಕಾರ್ಖಾನೆಯ ಅನುಭವ ಇರುವುದರಿಂದ ನಿರ್ದಿಷ್ಟ ಕೌಶಲ ಕಾರ್ಮಿಕ ಎಂಬ ಇನ್ನೊಂದು ವೀಸಾವನ್ನೂ ನೋಡಲಿ. ಜಪಾನ್ ಅದನ್ನು 2019ರಲ್ಲಿ ತಂದಿತು, ಭಾರತದೊಂದಿಗೆ 2021ರ ಜನವರಿಯಲ್ಲಿ ಒಪ್ಪಂದವಾಯಿತು. ಅದು ನೇರವಾಗಿ ಉದ್ಯೋಗದ ವೀಸಾ, ಮೊದಲ ಹಂತದಲ್ಲಿ ಐದು ವರ್ಷ, ಅದೇ ಕ್ಷೇತ್ರದೊಳಗೆ ಕಂಪನಿ ಬದಲಿಸಬಹುದು. ಅದಕ್ಕೆ ಕೌಶಲ ಪರೀಕ್ಷೆ ಮತ್ತು ಭಾಷಾ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ಭಾಷೆಗೆ ಎನ್4 ಎಂಬ ಆರಂಭದ ಹಂತದ ಪರೀಕ್ಷೆ ಅಥವಾ ಅದೇ ಮಟ್ಟದ ಜೆಎಫ್‌ಟಿ ಬೇಸಿಕ್ ಸಾಕು. ಎನ್4 ಬರುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲಿ ಕೇಂದ್ರವಿದೆ. 2025ರ ಆಗಸ್ಟ್‌ನಲ್ಲಿ ಎರಡೂ ದೇಶದ ಪ್ರಧಾನಿಗಳು ಐದು ವರ್ಷದಲ್ಲಿ ಭಾರತದಿಂದ 50 ಸಾವಿರ ಕುಶಲ ಜನರು ಜಪಾನಿಗೆ ಹೋಗುವಂತೆ ಗುರಿ ಇಟ್ಟುಕೊಂಡಿದ್ದಾರೆ. ಆದ್ದರಿಂದ ಇದೇ ಹೆಸರಿನಲ್ಲಿ ಹಣ ಕೀಳುವವರೂ ಬೇಗ ಬರುತ್ತಾರೆ.

ರಾಜ್ಯ ಸರ್ಕಾರದ ಕೌಶಲ ಅಭಿವೃದ್ಧಿ ನಿಗಮದ ಅಡಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಲಿ. ತರಬೇತಿ ಯೋಜನೆಯಲ್ಲೇ ಹೋಗುವುದಾದರೆ, ಕಳಿಸುವ ಸಂಸ್ಥೆ ಠೇವಣಿ ಕೇಳುವಂತಿಲ್ಲ, ‘ಮಧ್ಯದಲ್ಲಿ ಬಿಟ್ಟುಬಂದರೆ ಇಷ್ಟು ದಂಡ’ ಎಂದು ಬರೆಸಿಕೊಳ್ಳುವಂತೆಯೂ ಇಲ್ಲ. ಸಹಿ ಮಾಡುವ ಮುನ್ನ ಕಂಪನಿಯಿಂದ ಕಡಿತಗಳನ್ನೆಲ್ಲ ತೋರಿಸುವ ಮಾದರಿ ವೇತನ ಚೀಟಿ ಕೇಳಲಿ. ನಾನು ನನ್ನ ಮೊದಲ ವರ್ಷದ ಚೀಟಿಗಳನ್ನು ಎತ್ತಿಟ್ಟಿದ್ದೇನೆ, ಹೋಲಿಸಿ ನೋಡಲು ಬೇಕಾದರೆ ಕಳಿಸುತ್ತೇನೆ.

ಸೇಡಂ ಸಿಮೆಂಟ್

ಆ ಚೀಟಿಗಳನ್ನು ನನಗೂ ಕಳಿಸಿರಿ ತಮ್ಮಾ. ಕಡಿತದ ಲೆಕ್ಕ ನೋಡುವುದೇ ನನ್ನ ಕಸುಬು. ಬಾಡಿಗೆಯ ಸಾಲಿನಲ್ಲಿ ಏನಾದರೂ ಆಟ ಆಡಿದ್ದರೆ ಐದು ನಿಮಿಷದಲ್ಲಿ ಹೇಳುತ್ತೇನೆ.

ಶಹಾಪುರ ಟು ನಗೋಯಾ

ಜಪಾನಿ ಭಾಷೆಯಲ್ಲಿವೆ ಅಣ್ಣಾ. ಅಂಕಿಗಳ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಭಾನುವಾರ ಕಳಿಸುತ್ತೇನೆ.